ಅಮ್ಮನ ಬಲಗಡೆಯ ದನಿ

ಎರಡು ಸ್ಪೀಕರ್ ಒಟ್ಟಿಗೆ ಹಾಡಿಸಲಿಕ್ಕೆ ನನಗೆ ಒಂಬತ್ತು ದಿನ ಬೇಕಾಯ್ತು ಮಾರಾಯ್ರೇ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದ ಪೋಸ್ಟ್ ಯಾಕೆ ಅಂತ ಕೇಳಬೇಡಿ. ಕೊನೆಯವರೆಗೆ ಓದಿ.

ನನ್ನ ಅಮ್ಮನಿಗೆ ಈಗ 74. ಕುಲಶೇಖರದ ನಮ್ಮ ಮನೆಗೆ ಬರುವ ಮೊದಲು, ಗುರುಪುರ ಹೊಳೆಯ ಆಚೆ ಒಂದು ಗುತ್ತಿನ ಮನೆಯ ಗದ್ದೆಯಲ್ಲಿ ನೇಜಿ ನೆಟ್ಟವಳು. ನೇಜಿ ನೆಡುವಾಗ ಓಬೇಲೆ ಹಾಡುತ್ತಿದ್ದರು. ಒಬ್ಬಳು ಎತ್ತಿಕೊಡುವುದು, ಉಳಿದವರು ದನಿ ಸೇರಿಸುವುದು. ನಮ್ಮ ಅಮ್ಮ ಎತ್ತಿಕೊಡುವವಳು. ಅವಳ ಗೆಳತಿ ಒಬ್ಬರಿದ್ದರು, ನಾವೆಲ್ಲ ದೊಡ್ಡಮ್ಮ ಅಂತಲೇ ಕರೆಯುವುದು. ಮೊದಲು ದನಿ ಸೇರಿಸುವವರು ಅವರು.

ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ ದೊಡ್ಡಮ್ಮ ಮನೆಗೆ ಬಂದಿದ್ದಾಗ ನನ್ನ ಮಗಳು ಇಬ್ಬರನ್ನೂ ಕೂರಿಸಿ ಹಾಡಿಸಿದಳು. ಅಮ್ಮನ ಎದುರು ಒಂದು ಫೋನ್, ದೊಡ್ಡಮ್ಮನ ಎದುರು ಇನ್ನೊಂದು. ಶುರು ಮಾಡುವ ಮೊದಲು ಜೋರಾಗಿ ಒಂದು ಚಪ್ಪಾಳೆ ತಟ್ಟಿದಳು. ಅದೆಂತಕ್ಕೆ ಅಂದೆ. "ಆಮೇಲೆ ಎರಡು ರೆಕಾರ್ಡಿಂಗ್ ಸೇರಿಸುವಾಗ ಎರಡರಲ್ಲೂ ಆ ಚಪ್ಪಾಳೆಯ ಜಾಗ ಹುಡುಕಿ ಒಂದರ ಕೆಳಗೆ ಒಂದು ಇಟ್ಟರೆ ಸಾಕು ಪಪ್ಪ, ಹಾಡು ತನ್ನಿಂತಾನೇ ಕೂಡುತ್ತದೆ" ಅಂದಳು. ಅಜ್ಜಿಯ ದನಿಯನ್ನು ಒಂದು ಬದಿಗೆ, ದೊಡ್ಡಮ್ಮನ ದನಿಯನ್ನು ಇನ್ನೊಂದು ಬದಿಗೆ ಇಟ್ಟು ಸ್ಟೀರಿಯೋ ಮಾಡಿಟ್ಟಳು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು.

ಈ ಆಟಿಯಲ್ಲಿ ಅಮ್ಮ ಆ ಹಾಡು ಹಾಕು ಅಂದಳು. ಏಪ್ರಿಲ್ 14ರ ಕಾರ್ಯಕ್ರಮಕ್ಕೆಂದು ನಾವು ಹಣ ಒಟ್ಟು ಮಾಡಿ ತೆಗೆದ ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಉಂಟು. ಅದಕ್ಕೆ ಹಾಕಿದೆ. ಅಮ್ಮ ಸ್ವಲ್ಪ ಹೊತ್ತು ಕೇಳಿ, ಎಲ್ಲ ಒಂದೇ ಡಬ್ಬಿಯೊಳಗೆ ಕಲಸಿದ ಹಾಗೆ ಕೇಳ್ತದೆ, ಅವಳ ದನಿ ಯಾವುದು ಅಂತ ಗೊತ್ತಾಗುವುದಿಲ್ಲ ಅಂದಳು.

ಸರಿ, ಭಾವ ದುಬೈಯಿಂದ ತಂದುಕೊಟ್ಟ ಇನ್ನೊಂದು ಸ್ಪೀಕರ್ ಇತ್ತು. ಬೇರೆ ಕಂಪನಿಯದ್ದು. ನನ್ನ ಫೋನಿನಲ್ಲಿ ಎರಡಕ್ಕೂ ಒಟ್ಟಿಗೆ ಕಳಿಸುವ ಸೌಲಭ್ಯ ಇದೆ. ಹಾಕಿದೆ. ಅಮ್ಮ ಮುಖ ಗಂಟಿಕ್ಕಿ, "ದಾಯೆ ಮಗಾ, ರಡ್ಡ್ ಸಲ ಪನ್ಪುಂಡು?" ಅಂದಳು. ಯಾಕೆ ಎರಡೆರಡು ಸಲ ಹೇಳ್ತದೆ ಅಂತ.

ಅವಳು ಹೇಳಿದ್ದು ಸರಿ. ಬ್ಲೂಟೂತಿನಲ್ಲಿ ಹಾಡು ನೀರಿನ ಹಾಗೆ ಹರಿದು ಬರುವುದಿಲ್ಲ. ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಸ್ಪೀಕರ್ ಅದನ್ನು ಬಿಚ್ಚಿ, ಸ್ವಲ್ಪ ಕೂಡಿಟ್ಟುಕೊಂಡು, ಆಮೇಲೆ ನುಡಿಸುತ್ತದೆ. ಇದರಿಂದ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವದರಲ್ಲಿ ಅದಕ್ಕೂ ಜಾಸ್ತಿ ತಡ. ಒಂದೊಂದು ಕಂಪನಿಯದ್ದು ಒಂದೊಂದು ಲೆಕ್ಕ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಎರಡು ಸ್ಪೀಕರ್‌ಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ವ್ಯತ್ಯಾಸ ಬಂತು ಅಂದರೆ ಒಂದನ್ನು ಮನೆಯೊಳಗೆ, ಇನ್ನೊಂದನ್ನು 34 ಮೀಟರ್ ಆಚೆ ಯಾರದ್ದೋ ಅಂಗಳದಲ್ಲಿ ಇಟ್ಟ ಹಾಗೆ. ಹೆಲ್ಮುಟ್ ಹಾಸ್ ಎಂಬ ವಿಜ್ಞಾನಿ 1949ರಷ್ಟು ಹಿಂದೆಯೇ ಇದನ್ನು ಪರೀಕ್ಷೆ ಮಾಡಿದ್ದಾನೆ. ಒಂದೇ ದನಿ ಎರಡು ಕಡೆಯಿಂದ ಸೆಕೆಂಡಿನ ಸಾವಿರದ ಮೂವತ್ತು ಭಾಗದೊಳಗೆ ಬಂದರೆ ಕಿವಿ ಅದನ್ನು ಒಂದೇ ಅಂತ ತೆಗೆದುಕೊಳ್ಳುತ್ತದೆ. ಅದಕ್ಕಿಂತ ತುಂಬ ತಡವಾದರೆ ಪ್ರತಿಧ್ವನಿ.

ಹಾಗಾದರೆ ಎರಡನ್ನು ಜೋಡಿಸುವುದು ಹೇಗೆ ಅಂತ ಸ್ಪೀಕರಿನ ಜೊತೆ ಬಂದ ಕಾಗದ ಬಿಡಿಸಿದೆ. ಒಂದೇ ಮಾಡೆಲಿನ ಎರಡು ಸ್ಪೀಕರ್ ಇದ್ದರೆ ಮಾತ್ರ ಜೋಡಿ ಆಗುತ್ತವಂತೆ. ಫೋನಿಗೆ ಸೇರಿದ್ದು 'ಮಾಸ್ಟರ್', ಅದರ ಹಿಂದೆ ಬರುವುದು 'ಸ್ಲೇವ್' ಅಂತ ಬರೆದಿತ್ತು.

ಸ್ಲೇವ್! ಗುಲಾಮ. ಧಣಿಯ ಗಡಿಯಾರ ನೋಡಿ ಆಳು ತನ್ನ ಗಡಿಯಾರ ಸರಿ ಮಾಡಿಕೊಳ್ಳಬೇಕು, ಇಷ್ಟೇ ಅದರ ಅರ್ಥ. ಆದರೆ ಮೂಲದಾಳುಗಳ ಮನೆಯಲ್ಲಿ ಹುಟ್ಟಿದವನಿಗೆ ಆ ಪದ ಸುಮ್ಮನೆ ದಾಟಿಹೋಗುವುದಿಲ್ಲ. ಬ್ಲೂಟೂತಿನ ನಿಯಮ ಬರೆಯುವವರು 2021ರ 5.3 ಆವೃತ್ತಿಯಲ್ಲಿ ಈ ಪದಗಳನ್ನು ತೆಗೆದು 'ಸೆಂಟ್ರಲ್', 'ಪೆರಿಫೆರಲ್' ಅಂತ ಹಾಕಿದ್ದಾರೆ. ಕಾಗದ ಅಚ್ಚು ಹಾಕುವವರಿಗೆ ಅದು ತಲುಪಿಲ್ಲ. 'ಹರಿಜನ' ಅಂತ ಬರೆಯಬಾರದು ಎಂಬ ಸುತ್ತೋಲೆ ಬಂದು ಎಷ್ಟು ವರ್ಷ ಆಯ್ತು? ಈಗಲೂ ಆ ಪದ ಇರುವ ಅರ್ಜಿ ನನ್ನ ಟೇಬಲಿಗೆ ಬರ್ತದೆ. ಪದ ಬದಲಾದರೆ ಎಲ್ಲ ಬದಲಾಗುವುದಿಲ್ಲ, ಗೊತ್ತು. ಆದರೂ ನಾನು ಪೆನ್ನು ತೆಗೆದು ಹೊಡೆದು ಹಾಕುತ್ತೇನೆ. ಸ್ಪೀಕರಿನ ಕಾಗದದಲ್ಲೂ ಹೊಡೆದು ಹಾಕಿದೆ.

ಕೊನೆಗೆ ದಾರಿ ಸಿಕ್ಕಿದ್ದು ಹಳೇ ರೇಡಿಯೋ ರಿಪೇರಿಯವರ ಹತ್ತಿರ. ಕತೆ ಕೇಳಿ ನಕ್ಕರು. "ಎರಡು ಕಂಪನಿಯವನ್ನು ಗಾಳಿಯಲ್ಲಿ ಜೋಡಿಸಲಿಕ್ಕೆ ಹೋಗಬೇಡಿ, ವಯರ್ ಎಳೆಯಿರಿ." ಫೋನಿಗೆ ಚುಚ್ಚುವ ಪಿನ್ನಿನ ತುದಿ ಎಡದ ದನಿ, ನಡುವಿನ ಬಳೆ ಬಲದ ದನಿ, ಬುಡ ಎರಡಕ್ಕೂ ಸಾಮಾನ್ಯ. ಅವರು ಅಲ್ಲೇ ಕೂತು ಎಡದ್ದಕ್ಕೆ ಒಂದು, ಬಲದ್ದಕ್ಕೆ ಒಂದು ಉದ್ದ ವಯರ್ ಬೆಸುಗೆ ಹಾಕಿ ಕೊಟ್ಟರು. 150 ರೂಪಾಯಿ. ವಯರಿನಲ್ಲಿ ತಡ ಇಲ್ಲವೆನ್ನುವಷ್ಟು ಕಡಿಮೆ. ಇಲ್ಲಿ ಧಣಿಯೂ ಇಲ್ಲ, ಆಳೂ ಇಲ್ಲ. ಇಬ್ಬರಿಗೂ ಒಂದೇ ಹೊತ್ತಿಗೆ ಸುದ್ದಿ.

ಮಗಳು ಇನ್ನೊಂದು ಮಾತು ಹೇಳಿದಳು: ಸ್ಟೀರಿಯೋ ಸರಿ ಕೇಳಬೇಕಾದರೆ ಎರಡು ಸ್ಪೀಕರಿಗೂ ಸಮ ದೂರದಲ್ಲಿ, ನಡುವೆ ಕೂರಬೇಕು. ಅಮ್ಮನ ಕುರ್ಚಿ ಎತ್ತಿ ಹಾಲಿನ ನಡುವೆ ಇಟ್ಟೆವು. ಅಮ್ಮ ಕೂರಲಿಕ್ಕೆ ಒಪ್ಪಲಿಲ್ಲ. "ಗೋಡೆ ಬದಿಯಲ್ಲಿ ಕೂರುತ್ತೇನೆ, ನಡುವೆ ಎಂತಕ್ಕೆ?"

ಆಗ ನನಗೆ ನೆನಪಾಯಿತು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದ ಮೇಲೆ ಗುತ್ತಿನ ಮನೆಯ ಚಾವಡಿಯಲ್ಲಿ ರೇಡಿಯೋ ಹಾಡುತ್ತಿತ್ತಂತೆ. ಅಮ್ಮ ಅಂಗಳದ ಆಚೆ, ಹಟ್ಟಿಯ ಪಕ್ಕ ನಿಂತು ಕೇಳುತ್ತಿದ್ದಳಂತೆ. 1974ರ ಭೂ ಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಬಂತು. ಗೇಣಿ ಚೀಟಿಯೂ ಇಲ್ಲದ ಆಳುಗಳಿಗೆ ಏನು ಬಂತು? ಭೂಮಿಯಂತೂ ಬರಲಿಲ್ಲ, ರೇಡಿಯೋದ ಹಾಡೂ ಅಂಗಳ ದಾಟಿಯೇ ಬರಬೇಕಿತ್ತು. ಜೀವಮಾನವಿಡೀ ಬದಿಯಿಂದಲೇ ಕೇಳಿದವಳು.

ಒತ್ತಾಯ ಮಾಡಿ ಕೂರಿಸಿದೆವು. ಹಾಡು ಹಾಕಿದೆ. ಚಪ್ಪಾಳೆ. ಆಮೇಲೆ ಅಮ್ಮನ ದನಿ. ಆಮೇಲೆ ದೊಡ್ಡಮ್ಮನ ದನಿ, ಈಗಷ್ಟೇ ಬಾಗಿಲು ದಾಟಿ ಬಂದ ಹಾಗೆ.

ಅಮ್ಮ ಎಡಕ್ಕೆ ತಿರುಗಿ ನೋಡಿದಳು. ನಾನು ಖುಷಿಪಟ್ಟೆ. ಅವಳು ತಲೆ ಅಲ್ಲಾಡಿಸಿದಳು: "ಇದು ತಪ್ಪು. ಅವಳು ಯಾವಾಗಲೂ ನನ್ನ ಬಲಗಡೆಯ ಸಾಲಿನಲ್ಲಿ ನೆಡುತ್ತಿದ್ದವಳು. ಎಡಕ್ಕೆ ಯಾಕೆ ಬಂದಳು?"

ಎದ್ದು ಎರಡೂ ಸ್ಪೀಕರಿನ ಜಾಗ ಬದಲಾಯಿಸಿದೆ. ಮತ್ತೆ ಹಾಕಿದೆ. ಅಮ್ಮ ಕಣ್ಣು ಮುಚ್ಚಿ, ಬಲಕ್ಕೆ ಸ್ವಲ್ಪ ವಾಲಿ ಕೂತು ಪೂರ್ತಿ ಕೇಳಿದಳು. ಕೈ ಬೆರಳು ನೇಜಿ ಊರುವ ಹಾಗೆ ಆಡುತ್ತಿತ್ತು. ನಾವು ಯಾರೂ ಮಾತಾಡಲಿಲ್ಲ.

ಗೆಳೆಯರೇ, ನಮ್ಮ ಹಿರಿಯರ ದನಿ ಯಾವ ದಾಖಲೆಯಲ್ಲೂ ಇಲ್ಲ. ಅವರು ಯಾರ ಪಕ್ಕ ನಿಂತು ದುಡಿದರು ಅನ್ನುವುದಂತೂ ಇಲ್ಲವೇ ಇಲ್ಲ. ಈ ಭಾನುವಾರ ಎರಡು ಫೋನ್ ಹಿಡಿದು ಕೂತುಕೊಳ್ಳಿ. ಒಂದು ಚಪ್ಪಾಳೆ ತಟ್ಟಿ ಶುರು ಮಾಡಿ. ಯಾರು ಯಾವ ಬದಿಗಿದ್ದರು ಅಂತ ಮರೆಯದೆ ಕೇಳಿ, ಬರೆದಿಡಿ. ವಯರಿನ ಬಗ್ಗೆ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ಆಫೀಸ್ ಬಿಟ್ಟ ಮೇಲೆ ಉತ್ತರ ಕೊಡುತ್ತೇನೆ.

ಅಮ್ಮನ ಕುರ್ಚಿ ಈಗಲೂ ಹಾಲಿನ ನಡುವೆಯೇ ಉಂಟು. ನಾವು ಸುತ್ತಿಕೊಂಡು ಓಡಾಡುತ್ತೇವೆ.

ಜೈ ಭೀಮ್.