ನೆಲೆಯೋ, ಬಿಡಾರವೋ

ಭಾರತೀಯರ ಅಮೆರಿಕನ್ ವಲಸೆ ವೀಸಾ ಸಂದರ್ಶನಗಳಲ್ಲಿ ಬಹುಪಾಲು ನಡೆಯುವುದು ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಕಾನ್ಸುಲೇಟಿನಲ್ಲಿ. ಅಮೆರಿಕದ ಪೌರತ್ವ ಪಡೆದು, ಅತ್ತೆಯ ಆರೈಕೆಗೆಂದು ಡೊಂಬಿವಲಿಯಲ್ಲಿ ಉಳಿದುಬಿಟ್ಟ ಕನ್ನಡದ ಹೆಣ್ಣುಮಗಳೊಬ್ಬಳು ಗಂಡನಿಗಾಗಿ ಐ-864 ಫಾರಂ ತುಂಬುತ್ತಾಳೆ ಎನ್ನಿ. ಅಲ್ಲಿ ಅವಳನ್ನು ತಡೆಯುವುದು ಹಣಕ್ಕಿಂತ ಹೆಚ್ಚಾಗಿ ‘ಡೊಮಿಸೈಲ್’. ಆದಾಯ ಸಾಲದಿದ್ದರೆ ಜಂಟಿ ಪ್ರಾಯೋಜಕರು ಕೈಜೋಡಿಸಬಹುದು. ನೆಲೆಯನ್ನು ಯಾರೂ ಕಡ ಕೊಡಲಾರರು. ಪಾಸ್‌ಪೋರ್ಟ್ ಒಂದೇ ಸಾಲದು. ಅಲ್ಲಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಕೆಲಸದ ಪತ್ರ, ಮಕ್ಕಳ ಶಾಲೆಯ ದಾಖಲಾತಿ ಇಂಥವು ಹಿಂದಿರುಗುವ ಮನಸ್ಸಿಗೆ ಸಾಕ್ಷಿ ಹೇಳಬೇಕು. ಗಂಡನಿಗಿಂತ ಮೊದಲು, ಇಲ್ಲವೇ ಅವನ ಜೊತೆಗೇ, ಅವಳು ಅಲ್ಲಿ ನೆಲೆಯೂರಬೇಕು.

ಕನ್ನಡದಲ್ಲಿ ನೆಲೆ ಬೇರೆ, ಬಿಡಾರ ಬೇರೆ. ಕಾನೂನು ಕೇಳುವುದೂ ಅದನ್ನೇ: ಇಲ್ಲಿರುವುದು ಬಿಡಾರ ತಾನೇ? ಹೌದೆಂದು ಸಹಿ ಹಾಕಬಹುದು. ಹಾಸಿಗೆ ಹಿಡಿದ ಅತ್ತೆಗೆ ಅದನ್ನು ಹೇಳುವುದೇ ಕಷ್ಟ.