ಬಿಸಿಲಿಗೂ ತುಟಿಯ ಗುಳ್ಳೆಗೂ ಏನು ನಂಟು?

ಹೋದ ವರ್ಷ ಮೇ ತಿಂಗಳಲ್ಲಿ ಅಕ್ಕನ ಕೂಸನ್ನು ನೋಡಲು ಔರಾದಿಗೆ ಹೋಗಿದ್ದೆ. ಕೂಸಿಗೆ ಆಗ ಹನ್ನೆರಡು ದಿನ. ಎತ್ತಿಕೊಂಡು ಕೆನ್ನೆಗೆ ಮುತ್ತು ಕೊಡಬೇಕು ಅನ್ನುವಷ್ಟರಲ್ಲಿ ಅಕ್ಕ ಕೈ ಅಡ್ಡ ಹಿಡಿದಳು.

"ತಡಿ ತಮ್ಮಾ, ನಿನ್ ತುಟಿಗೇನ್ ಆಗ್ಯಾದ?"

ಕೆಳತುಟಿಯ ಅಂಚಿಗೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗುಂಪು. ನನಗದು ಹೊಸದಲ್ಲ, ಬ್ಯಾಸಿಗಿಗೊಮ್ಮೆ ಬಂದು ಹೋಗುವ ನೆಂಟ. ಆಯಿ ಒಳಗಿಂದಲೇ "ರಾತ್ರಿ ಹುಳಾ ಹರದಿರಬೇಕು" ಅಂದಳು. ನಾನು "ಹೀಟ್ ಆಗ್ಯಾದ" ಅಂದೆ. ಅಕ್ಕ ಇಬ್ಬರ ಮಾತನ್ನೂ ಕೇಳಲಿಲ್ಲ. ತುಟಿಗೆ ಗುಳ್ಳೆ ಎದ್ದವರು ಕೂಸಿನ ಹತ್ತಿರ ಮುಖ ತರಬಾರದು ಅಂತ ದವಾಖಾನಿಯ ನರ್ಸ್ ಹೇಳಿ ಕಳಿಸಿದ್ದರಂತೆ. ನನಗೆ ಸಿಟ್ಟು ಬಂತು. ಊಟ ಮಾಡಿದ ಶಾಸ್ತ್ರ ಮಾಡಿ ಬೈಕ್ ಹತ್ತಿದೆ.

ಎರಡು ದಿನ ಬಿಟ್ಟು ಬೀದರಿನಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿದಾಗ ಸಿಟ್ಟೆಲ್ಲ ಇಳಿಯಿತು. ಅದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್. ದೊಡ್ಡವರಿಗೆ ವಾರ, ಹತ್ತು ದಿನದ ಕಿರಿಕಿರಿ. ಹುಟ್ಟಿ ಕೆಲವೇ ವಾರ ಆದ ಕೂಸಿಗೆ ತಗುಲಿದರೆ ಮಿದುಳು, ಲಿವರ್‌ವರೆಗೂ ಹೋಗಿ ಜೀವಕ್ಕೇ ಕುತ್ತು ತರಬಹುದು.

"ನನಗ ಬ್ಯಾಸಿಗ್ಯಾಗೇ ಯಾಕ್ ಬರ್ತದ್ರಿ?" ಅಂದೆ.

"ಏನ್ ಕೆಲಸ ಮಾಡ್ತೀರಿ?"

ಫೀಲ್ಡ್ ಕೆಲಸ. ಇವತ್ತು ಭಾಲ್ಕಿ, ನಾಳೆ ಔರಾದ್. ಬೀದರಿನಿಂದ ಎರಡೂ ಕಡೆ ನಲವತ್ತು ಕಿಲೋಮೀಟರಿನ ಆಸುಪಾಸು. ಸೆಕೆಗೆ ಹೆಲ್ಮೆಟ್ ಗಾಜು ಎತ್ತಿಯೇ ಇರುತ್ತೇನೆ. ಡಾಕ್ಟರ್ ನಕ್ಕರು. "ಹೀಟ್ ಅಲ್ರಿ ಅದು, ಬೆಳಕು."

ಆ ಮಾತು ತಲೆಯಲ್ಲಿ ಉಳಿದು, ಮನೆಗೆ ಬಂದು ಓದುತ್ತಾ ಹೋದೆ. ಬೀದರ್ ಇರುವುದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಎರಡನೇ ವಾರದ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಲೈಟ್ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಅಂದರೆ ಯುವಿ, ಜೋರಾಗಿರುವುದು ಆಗಲೇ.

ನಮ್ಮ ಚರ್ಮದ ಮೇಲ್ಪದರದಲ್ಲಿ ಯುರೋಕ್ಯಾನಿಕ್ ಆಮ್ಲ ಅಂತ ಒಂದಿದೆ. ತೊಗರಿಬೇಳೆಯ ಪ್ರೋಟೀನಿನಲ್ಲೂ ಇರುವ ಹಿಸ್ಟಿಡಿನ್‌ನಿಂದ ಚರ್ಮವೇ ಅದನ್ನು ತಯಾರಿಸಿಕೊಳ್ಳುತ್ತದೆ. (1874ರಲ್ಲಿ ಮ್ಯಾಕ್ಸ್ ಯಾಫೆ ಎಂಬಾತ ಅದನ್ನು ಮೊದಲು ಕಂಡದ್ದು ನಾಯಿಯ ಮೂತ್ರದಲ್ಲಿ. ಹೆಸರೂ ಅಲ್ಲಿಂದಲೇ ಬಂತು!) ಯುವಿ ಬಿದ್ದಾಗ ಈ ಅಣುವಿನ ಆಕಾರ ಬದಲಾಗುತ್ತದೆ. ಒಂದು ಪರಮಾಣು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ನೆಟ್ಟಗಿದ್ದದ್ದು ಡೊಂಕಾಗುತ್ತದೆ, ಅಷ್ಟೇ. ಆದರೆ ಆ ಡೊಂಕು ಅಣು ರೋಗನಿರೋಧಕ ಶಕ್ತಿಗೆ "ಸುಮ್ಮನಿರು" ಅನ್ನುತ್ತದೆ. ಡಿ ಫೇಬೊ ಮತ್ತು ನೂನನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ 1983ರಲ್ಲಿ ಇದನ್ನು ಮುಂದಿಟ್ಟರು. ಅದಕ್ಕೂ ಮೊದಲು ಈ ಆಮ್ಲವನ್ನು ಬಿಸಿಲು ತಡೆಯುವ ವಸ್ತು ಎಂದು ಕ್ರೀಮುಗಳಿಗೆ ಬೆರೆಸುತ್ತಿದ್ದರಂತೆ. ಆಮೇಲೆ ಕೈಬಿಟ್ಟರು.

ಇದೊಂದೇ ಕಾರಣ ಅಲ್ಲ. ಯುವಿ ಚರ್ಮದ ಡಿಎನ್‌ಎಗೂ ಪೆಟ್ಟು ಕೊಡುತ್ತದೆ, ಕಾವಲು ಕಾಯುವ ಲ್ಯಾಂಗರ್‌ಹಾನ್ಸ್ ಕೋಶಗಳನ್ನೂ ಕಡಿಮೆ ಮಾಡುತ್ತದೆ. ಒಟ್ಟಿನಲ್ಲಿ ಕಾವಲು ಸಡಿಲಾದಾಗ, ಮುಖದ ನರದ ಬುಡದಲ್ಲಿ ವರ್ಷಗಟ್ಟಲೆ ಮಲಗಿದ್ದ ವೈರಸ್ ಎದ್ದು ತುಟಿಗೆ ಬರುತ್ತದೆ. ಬಹುಶಃ ಚಿಕ್ಕವನಿದ್ದಾಗ ಯಾರೋ ಪ್ರೀತಿಯಿಂದ ಕೊಟ್ಟ ಮುತ್ತಿನಿಂದಲೇ ನನಗೂ ಅದು ಬಂದಿರಬೇಕು.

ಚರ್ಮ ತನ್ನ ಕಾವಲನ್ನು ತಾನೇ ಯಾಕೆ ಸಡಿಲ ಮಾಡಿಕೊಳ್ಳುತ್ತದೆ? ಬಿಸಿಲಿಗೆ ಕೆಟ್ಟ ಕೋಶಗಳನ್ನು ಪರಕೀಯ ಅಂದುಕೊಂಡು ದೇಹ ತನ್ನ ಮೇಲೆ ತಾನೇ ಬೀಳಬಾರದು ಅಂತ ಇರಬಹುದು ಅನ್ನುತ್ತಾರೆ. ಇದನ್ನು ಓದುವಾಗ ಭಾಲ್ಕಿಯ ಕಾಕಾ ನೆನಪಾದ. ಅವನಿಗೆ ಮೊಣಕೈಗೆ ಸೋರಿಯಾಸಿಸ್. ರೋಗನಿರೋಧಕ ಶಕ್ತಿ ಅತಿಯಾಗಿ ಕೆರಳಿ ಬರುವ ಕಾಯಿಲೆ ಅದು. ಅವನಿಗೆ ಡಾಕ್ಟರೇ ಅಳತೆ ಮಾಡಿ ಎಳೆಬಿಸಿಲು ಹೇಳಿದ್ದಾರೆ. ಆಸ್ಪತ್ರೆಗಳಲ್ಲಿ 311 ನ್ಯಾನೊಮೀಟರಿನ ಯುವಿ ದೀಪದ ಕೆಳಗೆ ನಿಲ್ಲಿಸುವುದೂ ಇದೇ ಲೆಕ್ಕದ ಮೇಲೆ. ನನ್ನ ತುಟಿಗೆ ಕೇಡು ಮಾಡಿದ್ದೇ ಕಾಕಾನ ಮೊಣಕೈಗೆ ಔಷಧ!

ನನ್ನ ಪಾಲಿನ ಔಷಧ ಸಣ್ಣದು. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗವೊಂದರಲ್ಲಿ, ಆಗಾಗ ಇಂಥ ಗುಳ್ಳೆ ಏಳುತ್ತಿದ್ದವರ ತುಟಿಗೆ ಯುವಿ ಬಿಟ್ಟು ನೋಡಿದ್ದರು. ಬರೀ ಸಾದಾ ಕ್ರೀಮ್ ಹಚ್ಚಿದ್ದಾಗ 38 ಜನರಲ್ಲಿ 27 ಮಂದಿಗೆ ಗುಳ್ಳೆ ಎದ್ದವು. ಸನ್‌ಸ್ಕ್ರೀನ್ ಹಚ್ಚಿದ್ದಾಗ 35 ಜನರಲ್ಲಿ ಒಬ್ಬರಿಗೂ ಏಳಲಿಲ್ಲ. ನಾನು ಎಸ್‌ಪಿಎಫ್ ಇರುವ ಲಿಪ್ ಬಾಮ್ ತಂದೆ, ಬಿಸಿಲಲ್ಲಿ ಎರಡು ತಾಸಿಗೊಮ್ಮೆ ಹಚ್ಚುತ್ತೇನೆ. ಸೆಕೆಯಾದರೂ ಹೆಲ್ಮೆಟ್ ಗಾಜು ಇಳಿಸುತ್ತೇನೆ. ಗುಳ್ಳೆ ಏಳುವ ಮುಂಚೆ ತುಟಿ ಚುರುಗುಟ್ಟುತ್ತದಲ್ಲ, ಆಗಲೇ ಶುರು ಮಾಡಲು ಡಾಕ್ಟರ್ ಗುಳಿಗೆಯನ್ನೂ ಬರೆದುಕೊಟ್ಟಿದ್ದಾರೆ.

ಈ ಮೇ ತಿಂಗಳಲ್ಲಿ ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಔರಾದಿಗೆ ಹೋದೆ. ಹೊಸ್ತಿಲಲ್ಲೇ ಅಕ್ಕ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ತುಟಿ ನೋಡಿದಳು. ಏನೂ ಇರಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟಳು. ಆಯಿ ಮಾತ್ರ ಕಣ್ಣು ಕಿರಿದು ಮಾಡಿ ನೋಡೇ ನೋಡಿದಳು.

"ಏನೋ ಅದು ಮಿಂಚ್ಲತ್ತದ? ಗಂಡ್ಸಾಗಿ ಲಿಪ್‌ಸ್ಟಿಕ್ ಹಚ್ಕೊಂಡಿ?"