ಗಾಳಿಗೊಂದು ದಣಪೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಒಂಟಿಮನೆಗಳು ಬಹಳ. ತೋಟದ ತಲೆಗೊಂದು ಮನೆ, ಮುಂದಿನದು ಗುಡ್ಡದಾಚೆ. 2020ರಲ್ಲಿ ಮಕ್ಕಳು ಆನ್‌ಲೈನ್ ಪಾಠ ಕೇಳಲು ಗುಡ್ಡ ಹತ್ತಿದ, ಮರುವರ್ಷ ‘ನೆಟ್‌ವರ್ಕ್ ಇಲ್ಲದಿದ್ದರೆ ಓಟಿಲ್ಲ’ ಎಂಬ ಕೂಗೆದ್ದ ಸೀಮೆ ಇದು. ಇಂಥಲ್ಲಿ ಕಂಬದಿಂದ ಕಂಬಕ್ಕೆ ಫೈಬರ್ ಬಂದು ರೌಟರಿನ ಹಸಿರು ದೀಪ ಹೊತ್ತಿತೆಂದರೆ ಅರ್ಧ ಕೆಲಸವಷ್ಟೇ ಮುಗಿಯಿತು. ಆ ಪೆಟ್ಟಿಗೆಯನ್ನು ಮನೆಗೆ ಒಗ್ಗಿಸಿ ಭದ್ರಮಾಡುವ ಉಳಿದರ್ಧವೇ ನನಗೆ ಅಚ್ಚುಮೆಚ್ಚು. ತೋಟಕ್ಕೆ ಬೇಲಿ ಕಟ್ಟಿ ದಣಪೆ ಇಡುವುದರಲ್ಲಿರುವ ತೃಪ್ತಿಯೇ ಇದರಲ್ಲೂ ಇದೆ.

‘ಸುತ್ತ ಕಾಡು, ನಮ್ಮ ವೈಫೈ ಕದಿಯಲು ಯಾರು ಬರ್ತಾರೆ ಮಾರಾಯ್ರೆ?’ ಎಂಬ ಮಾತಿದೆ. ಅಂಗಳ ದಾಟಿ ಬರುವವರು ಕಡಿಮೆ, ನಿಜ. ಆದರೆ ಕಳ್ಳನಿಗೆ ಅಂಗಳ ಬೇಕಿಲ್ಲ, ನಾವೇ ಎಳೆಸಿಕೊಂಡ ಫೈಬರೇ ಅವನಿಗೂ ದಾರಿ. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ದುಷ್ಟ ತಂತ್ರಾಂಶ ಮಾಡಿದ್ದಿಷ್ಟೇ: ಕಾರ್ಖಾನೆಯವರು ಇಟ್ಟ ಹೆಸರು-ಪಾಸ್‌ವರ್ಡುಗಳ 60ಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ, ಲಕ್ಷಾಂತರ ಕ್ಯಾಮೆರಾ, ರೌಟರುಗಳ ಒಳಹೊಕ್ಕಿತು. ಮನೆ ಬೆಂಗಳೂರಿನದೋ ಆಗುಂಬೆಯದೋ ಎಂದು ಅದು ಕೇಳುವುದಿಲ್ಲ. ಆದ್ದರಿಂದ ಮೊದಲು ಬದಲಿಸಬೇಕಾದದ್ದು ರೌಟರಿನ ಸೆಟ್ಟಿಂಗ್ ತೆರೆಯುವ ‘ಅಡ್ಮಿನ್’ ಪಾಸ್‌ವರ್ಡು. ವೈಫೈಯದು ಆಮೇಲೆ.

ಈ ಕೆಲಸದ ರುಚಿ ಇರುವುದು ಸಣ್ಣ ನಿರ್ಧಾರಗಳಲ್ಲಿ. ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಗೆ 5 ಗಿಗಾಹರ್ಟ್ಸ್ ಅಲೆ ಬೇಗ ಸೋಲುತ್ತದೆ, 2.4 ನಿಧಾನವಾದರೂ ಅಡುಗೆಮನೆಯವರೆಗೆ ತಲುಪುತ್ತದೆ. ರೌಟರನ್ನು ಮೂಲೆಯಿಂದ ನಡುಮನೆಗೆ ತಂದರೆ ಎರಡೂ ಸುಧಾರಿಸುತ್ತವೆ. ವೈಫೈಗೆ ಹಾಕುವ ಬೀಗದಲ್ಲಿ, 2018ರಲ್ಲಿ ಬಂದ ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಬೇಕು, ಹಳೆಯ ಫೋನು ಒಪ್ಪದಿದ್ದರೆ ಡಬ್ಲ್ಯುಪಿಎ2. ಗುಂಡಿ ಒತ್ತಿದರೆ ಜೋಡಣೆಯಾಗುವ ಡಬ್ಲ್ಯುಪಿಎಸ್ ಸೌಕರ್ಯವನ್ನು ನಿಲ್ಲಿಸಿಬಿಡುವುದು ಲೇಸು. ಅದರ 8 ಅಂಕಿಯ ಪಿನ್ನನ್ನು ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಯತ್ನಕ್ಕೆ ಬಾಗಿಲು ತೆರೆಯುತ್ತದೆಂದು 2011ರಲ್ಲೇ ಬಯಲಾಗಿದೆ. ಇನ್ನು ಪಾಸ್‌ವರ್ಡ್ ಕಟ್ಟುವುದು! ಮನೆದೇವರು, ಊರು, ಮೊಬೈಲ್ ನಂಬರು ಬೇಡ. ಕಡುಬು, ಗೊರಬು, ಏಣಿ, ಮಿಂಚುಹುಳ ಎಂಬಂತೆ ಒಂದಕ್ಕೊಂದು ನಂಟಿಲ್ಲದ ನಾಲ್ಕೈದು ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪೋಣಿಸಿದರೆ ಊಹಿಸುವುದು ಕಷ್ಟ, ಅಜ್ಜಿಗೂ ನೆನಪಿರುತ್ತದೆ. (ಅಚ್ಚಾದ ಈ ನಾಲ್ಕನ್ನೇ ಇಡಬೇಡಿ.) ಮರೆಯುವ ಭಯವಿದ್ದರೆ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ದೂರದ ಕಳ್ಳನಿಗೆ ಆ ಪುಸ್ತಕ ಸಿಗದು.

ಹೀಗೆ ಬೀಗ ಹಾಕುವುದಕ್ಕೆ ಬಲವಾದ ಆಕ್ಷೇಪ ಬೇರೆಯೇ ಇದೆ. ಸಿಗ್ನಲ್ ಹುಡುಕಿ ಗುಡ್ಡದಾಚೆಯ ಮನೆಯ ಹುಡುಗಿ ಜಗಲಿಗೆ ಬಂದು ಕೂತರೆ ಇಲ್ಲವೆನ್ನುವುದು ಮಲೆನಾಡಿನ ನಡೆಯಲ್ಲ. ಹಾಗೆನ್ನಲೂ ಬೇಕಿಲ್ಲ. ಈಗಿನ ಬಹುತೇಕ ರೌಟರುಗಳಲ್ಲಿ ‘ಗೆಸ್ಟ್’ ಎಂಬ ಬೇರೆ ಜಾಲ ತೆರೆಯಬಹುದು. ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಕ್ಯಾಮೆರಾ, ಕಂಪ್ಯೂಟರುಗಳು ಅವರ ಫೋನಿನ ಕೈಗೆಟುಕುವುದಿಲ್ಲ. ಜಗಲಿ ಎಲ್ಲರಿಗೆ, ಒಳಮನೆ ಮನೆಯವರಿಗೆ ಎಂದು ಹಿರಿಯರು ಮನೆ ಕಟ್ಟಿದ್ದೂ ಹೀಗೆಯೇ. ಈ ಸಲ ಮಳೆಗೆ ಮುಂಚೆ ಬೇಲಿ ನೋಡಲು ಹೊರಟಾಗ ರೌಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಒಮ್ಮೆ ನೋಡಿ.